ಅಡಿವೆಪ್ಪ ವಾರ್ಡಿಗೆ ಫೋನು ಒಯ್ದದ್ದು

ಒಬ್ಬಳು ಅವ್ವ, ಒಬ್ಬ ಮಗ. ಮಗನಿಗೆ ಬುದ್ಧಿ ಕಡಿಮೆ, ಅವ್ವನಿಗೆ ಚಿಂತೆ ಜಾಸ್ತಿ. ಅವ್ವನ ಹೆಸರು ಪಾರವ್ವ, ಬಸ್‌ಸ್ಟ್ಯಾಂಡಿನ ಹಿಂದೆ ಖಾನಾವಳಿ ನಡೆಸುವಾಕೆ. ಮಗ ಅಡಿವೆಪ್ಪ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವ. "ಬಾಗಲದ ಕಡೆ ಲಕ್ಷ್ಯ ಇರ್ಲಿ" ಅಂದರೆ ಬಾಗಿಲನ್ನೇ ನೋಡುತ್ತ ಕೂಡುವವ. ಬೆಕ್ಕು ಹಾಲೆಲ್ಲ ಕುಡಿದು ಮೀಸೆ ನೆಕ್ಕಿಕೊಂಡು ಹೋದರೂ ಬಾಗಿಲಿನಿಂದ ಕಣ್ಣು ಕೀಳಲೊಲ್ಲ. ಪಾರವ್ವ ರೊಟ್ಟಿ ಬಡಿದಷ್ಟೇ ಹಣೆಯನ್ನೂ ಬಡಿದುಕೊಳ್ಳುವಳು.

ಅಂಥವನಿಗೆ ಡಾಕ್ಟರ್ ಸೀಟು ಸಿಕ್ಕಿತು! ಹೆಂಗೆ? ಮಾಸ್ತರರು "ಪುಸ್ತಕದಾಗ ಇದ್ದದ್ದು ಇದ್ದಂಗ ಬಾಯಿಪಾಠ ಮಾಡಪಾ" ಅಂದಿದ್ದರು. ಮಾಡಿದ. ಅಚ್ಚಿನ ತಪ್ಪನ್ನೂ ಬಿಡಲಿಲ್ಲ.

ಮೊದಲ ಸಲ ವಾರ್ಡಿಗೆ ಹೊರಟಾಗ ಪಾರವ್ವನಿಗೆ ಹಿಗ್ಗೋ ಹಿಗ್ಗು. "ತಮ್ಮಾ, ಛಲೋ ಕೆಲಸ ಏನ ಮಾಡಿದ್ರೂ ನಾಕು ಮಂದಿಗೆ ಗೊತ್ತಾಗ್ಲಿ!"

"ಹೂನಬೇ."

ವಾರ್ಡಿನಲ್ಲಿ ಸಂಗಪ್ಪಜ್ಜ ಇದ್ದ. ಮೂಲವ್ಯಾಧಿ ಆಪರೇಷನ್ ಆಗಿ, ಕೂಡಲಾರದೆ ಮಗ್ಗುಲಾಗಿ ಮಲಗಿದ್ದ. ಅಡಿವೆಪ್ಪ ಪಕ್ಕದಲ್ಲಿ ಬಗ್ಗಿ, ಹಲ್ಲು ಕಿಸಿದು ಸೆಲ್ಫಿ ತೆಗೆದ. "ನಮ್ಮ ಸಂಗಪ್ಪಜ್ಜನ ಮೂಲವ್ಯಾಧಿ ಗುಣ! ಎಲ್ಲರೂ ಹಾರೈಸಿರಿ!" ಅಂತ ಬರೆದ. ಸ್ಟೇಟಸ್ಸಿಗೆ ಹಾಕಿದ, ಊರ ಗುಂಪಿಗೆ ಹಾಕಿದ, ಕಂಡ ಕಂಡಲ್ಲೆಲ್ಲ ಹಾಕಿದ. ಸಂಜೆಗೆ ಅಜ್ಜನ ಬೀಗರು ಎಳನೀರು ಹಿಡಿದು ಬಂದರು.

"ಹೆಂಗದೀರಿ ಬೀಗರ? ಕೂಡಾಕ ಬರತೈತೇನ್ರಿ?"

ಅಜ್ಜ ನಾಚಿ ಗೋಡೆಯ ಕಡೆ ಹೊರಳಿದ. ಹೆಂಡತಿಗೇ ಅರ್ಧ ಮುಚ್ಚಿಟ್ಟು ಹೇಳಿದ ರೋಗ ಅದು!

ಪಾಠ ಹೇಳುವ ಕುಸುಗಲ್ ಮೇಡಂ ಕೆಂಡವಾದರು. "ಏ ಪೆದ್ದಾ! ಅಳಸು ಅದನ್ನ! ರೋಗಿ ಮುಖ ಮಂದಿಗೆ ಕಾಣಬಾರದೋ! ಮುಖ ಮುಚ್ಚಬೇಕು!"

"ಹೂನ್ರಿ ಮೇಡಂ."

ಅಳಿಸಿದ. ಮರುದಿನ ಮಂದಿ ಬರುವ ಹೊತ್ತಿಗೆ ವಾರ್ಡಿನಲ್ಲಿ ಇದ್ದವರಿಗೆಲ್ಲ ಚಾದರ ಎಳೆದ, ಅಂಗಾಲಿನಿಂದ ನೆತ್ತಿಯ ತನಕ. ಅಜ್ಜನ ಹೆಂಡತಿ ಊಟದ ಡಬ್ಬಿ ಹಿಡಿದು ಬಂದಳು. ನೋಡಿದಳು. ಡಬ್ಬಿ ನೆಲಕ್ಕೆ ಬಿತ್ತು.

"ಹೋದ್ಯಾ ನನ್ನ ರಾಜಾ!"

ಎದೆ ಬಡಿದುಕೊಂಡು ಅತ್ತಳು. ಅವಳನ್ನು ನೋಡಿ ಉಳಿದವರ ಮನೆಯವರೂ ಅತ್ತರು. ಚಾದರದೊಳಗಿಂದ ಅಜ್ಜ "ಯಾರು ಸತ್ತರಬೇ?" ಅಂತ ಗಡಬಡಿಸಿ ಎದ್ದು ಕೂತ. ಕೂಡಬಾರದ ಕಡೆ ಊರಿ ಕೂತ! ಆಮೇಲೆ ಅವನು ಚೀರಿದ್ದು ಬೀದಿಗೂ ಕೇಳಿಸಿತು.

"ಮುಚ್ಚೂದು ಫೋಟೋದಾಗಿನ ಮುಖಾನೋ!" ಮೇಡಂ ಕೂಗಿದರು. "ಇನ್ನ ಮುಂದ ರೋಗಿ ಹೆಸರನ್ನೂ ಎಲ್ಲೂ ಎತ್ತಬ್ಯಾಡ! ತಿಳೀತಿಲ್ಲೋ?"

"ತಿಳೀತ್ರಿ ಮೇಡಂ."

ತಿಳಿದದ್ದು ಎಷ್ಟು ಅಂತ ಕೇಳ್ರಿ. ಹೊರರೋಗಿಗಳ ಸಾಲಿನಲ್ಲಿ ಒಬ್ಬೊಬ್ಬರನ್ನೇ ಕರೆಯುವ ಕೆಲಸ ಅವನಿಗೆ ಬಂತು. ಕೈಯಲ್ಲಿ ಚೀಟಿ. ಚೀಟಿಯಲ್ಲಿ ಹೆಸರು, ಹೆಸರಿನ ಕೆಳಗೆ ರೋಗ. ಹೆಸರು ಎತ್ತುವ ಹಾಗಿಲ್ಲ. ಉಳಿದದ್ದನ್ನೇ ಗಂಟಲು ಹರಿಯುವಂತೆ ಕೂಗಿದ.

"ಹೊಟ್ಟಿಹುಳಾ, ಒಳಗ ಬರ್ರೀ! ತೊಡಿಕಜ್ಜಿ, ನಿಮ್ಮ ಪಾಳಿ ಬಂತ್ರೀ! ಹಾಸಿಗ್ಯಾಗ ಉಚ್ಚಿ ಹೊಯ್ಕೊಳ್ಳೋರು, ತಯಾರಿರ್ರೀ!"

ಯಾರೂ ಏಳಲೊಲ್ಲರು! ಹೆಂಗಸರು ಸೆರಗು ಮುಖಕ್ಕೆ ಎಳೆದುಕೊಂಡರು. ಮೀಸೆ ಹುರಿ ಮಾಡಿಕೊಂಡು ಕೂತಿದ್ದ ದೊಡ್ಡ ಮನುಷ್ಯರೊಬ್ಬರು ಮೆಲ್ಲಗೆ ಎದ್ದು, ರಸ್ತೆ ಹಿಡಿದು ಹೋಗೇಬಿಟ್ಟರು. ಸಾಲಿನಲ್ಲಿದ್ದ ಯಾರೋ ವೀಡಿಯೊ ಮಾಡಿದರು. ಸಂಜೆ ಖಾನಾವಳಿಯಲ್ಲಿ ಉಣ್ಣುವವರು ಅದನ್ನೇ ನೋಡಿ ನಗುತ್ತಿದ್ದರು. "ಪಾರವ್ವಾ, ನಿನ್ನ ಮಗನ್ನ ನೋಡಬೇ!"

ಪಾರವ್ವ ನೋಡಿದಳು. ಮಗ ಮನೆಗೆ ಬಂದ ಕೂಡಲೇ ಹಿಡಿದುಕೊಂಡಳು. "ನಿಂದು ಬಾಯಿ ಐತೋ, ಹಲಗಿ ಐತೋ? ದವಾಖಾನಿ ಮಾತು ಹೊಟ್ಟ್ಯಾಗ ಇಟಗೋಬೇಕು! ಯಾರ ಕೇಳಿದ್ರೂ ತುಟಿ ಬಿಚ್ಚಬ್ಯಾಡ!"

"ಹೂನಬೇ."

ಅದಾದ ಮೇಲೆ ಹೆಣ್ಣುಮಕ್ಕಳ ವಾರ್ಡಿನಲ್ಲಿ ತುಂಗವ್ವ ಅನ್ನುವ ಮುದುಕಿ ಅವನ ಕೈ ಹಿಡಿದಳು. "ತಮ್ಮಾ, ಎದಿ ಹಿಂಡಾಕತ್ತೈತೋ..." ಹಣೆಯ ತುಂಬ ಬೆವರು. ಅಡಿವೆಪ್ಪನಿಗೆ ಕೂಗಬೇಕು ಅನ್ನಿಸಿತು. ಅವ್ವನ ಮಾತು ನೆನಪಾಯಿತು. ತುಟಿ ಕಚ್ಚಿಕೊಂಡ.

ಅಷ್ಟರಲ್ಲಿ ಮೇಡಂ ಬಾಗಿಲಲ್ಲಿ ಇಣುಕಿದರು. "ಎಲ್ಲಾರೂ ಆರಾಮ ಅದಾರೇನೋ?"

ಅಡಿವೆಪ್ಪ ಮುದುಕಿಯ ಕೈ ಬಿಡಲಿಲ್ಲ, ಬಾಯಿ ಬಿಡಲಿಲ್ಲ. ಕಣ್ಣೀರು ಮಾತ್ರ ದಳದಳ ಸುರಿಯಿತು. ಮೇಡಂ ಆ ಕಣ್ಣೀರು ನೋಡಿದರು, ಅವನು ಹಿಡಿದ ಕೈ ನೋಡಿದರು, ಕೈಯ ಆಚೆ ತುಂಗವ್ವನ ಮುಖ ನೋಡಿದರು. ಓಡಿ ಬಂದರು! ಇಂಜೆಕ್ಷನ್ ಬಂತು, ಆಕ್ಸಿಜನ್ ಬಂತು. ತುಂಗವ್ವ ಉಳಿದಳು.

ಆವತ್ತು ಮೇಡಂ ಕೂಗಾಡಲಿಲ್ಲ. ಎದುರಿಗೆ ಕೂಡಿಸಿಕೊಂಡರು. "ಅಡಿವೆಪ್ಪಾ, ಊರಿಗೆ ಹೇಳೂದು ಬ್ಯಾರೆ, ಡಾಕ್ಟರಿಗೆ ಹೇಳೂದು ಬ್ಯಾರೆ. ಇನ್ನೊಂದು ತಾಸು ತಡ ಆಗಿದ್ರ ಆಕಿ ಇರ್ತಿರಲಿಲ್ಲ. ನಿನಗ ಎಷ್ಟಂತ ಹೇಳಲಿ? ಫೋನ್ ಹಿಡಿಯೂ ಮುಂದ, ಬಾಯಿ ತಗಿಯೂ ಮುಂದ, ಈ ರೋಗಿ ನನ್ನ ಹಡದವ್ವ ಅಂತ ತಿಳಕೋ. ಅಷ್ಟ ಸಾಕು."

ಅಡಿವೆಪ್ಪ ಮೂಗು ಒರೆಸಿಕೊಂಡ. "ಹೂನ್ರಿ ಮೇಡಂ." ಇಷ್ಟು ಚಂದದ ಮಾತನ್ನು ಅವನಿಗೆ ಯಾರೂ ಹೇಳಿರಲಿಲ್ಲ.

ತುಂಗವ್ವ ಗುಣವಾದಳು. ಮನೆಗೆ ಕಳಿಸುವ ದಿನ ಬಂತು. ಅವಳ ಮಗ ಅವಳನ್ನು ಹೊರಗಿನ ಬಾಕಿನ ಮೇಲೆ ಕೂಡಿಸಿ, ಚೀಲ ಹೆಗಲಿಗೆ ಹಾಕಿಕೊಂಡು ಔಷಧಿ ತರಲು ಹೋದ. ಅಡಿವೆಪ್ಪ ಬಂದು ನೋಡಿದ.

"ಅಯ್ಯ! ಹಡದವ್ವನ್ನ ಹಿಂಗ ಬಾಕಿನ ಮ್ಯಾಲ ಕುಂಡ್ರಸ್ತಾರೇನು? ನಡಿಯಬೇ ಮನಿಗೆ!"

ಗಂಜಿ ಕುಡಿದು ಕುಡಿದು ತುಂಗವ್ವನಿಗೆ ನಾಲಿಗೆ ಸತ್ತುಹೋಗಿತ್ತು. "ಮನ್ಯಾಗ ಏನ ಮಾಡ್ಯಾರೋ?"

"ರೊಟ್ಟಿ, ಎಣಗಾಯಿ."

"ನಡಿ ಹಂಗಾರ!"

ಆಟೋ ಖಾನಾವಳಿಯ ಮುಂದೆ ನಿಂತಿತು. ಪಾರವ್ವ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. "ಯಾರೋ ಇವರು?"

"ನನ್ನ ಹಡದವ್ವಬೇ!"

"ಹಂಗಾರ ನಾ ಯಾರೋ, ನನ್ನಪ್ಪಾ?"

ಅಡಿವೆಪ್ಪ ಬಹಳ ಹೊತ್ತು ವಿಚಾರ ಮಾಡಿದ. "ನೀನೂ ಹಡದವ್ವನ!"

ಪಾರವ್ವನಿಗೆ ನಗು ಬಂತೋ ಅಳು ಬಂತೋ, ತಾಟು ಹಾಕಿ, ಬಿಸಿ ರೊಟ್ಟಿ ತರಲು ಒಳಗೆ ಹೋದಳು. ಅಷ್ಟರಲ್ಲಿ ಅಡಿವೆಪ್ಪನ ಫೋನು ಟಣ್ ಅಂದಿತು. "ನಮ್ಮ ತಾಯಿ ತುಂಗವ್ವ ಆಸ್ಪತ್ರೆಯಿಂದ ಕಾಣೆಯಾಗಿದ್ದಾರೆ. ಕಂಡವರು ದಯವಿಟ್ಟು ತಿಳಿಸಿ." ಜೊತೆಗೆ ಹಳೇ ಮದುವೆಯ ಫೋಟೋ: ರೇಷ್ಮೆ ಸೀರೆ, ಮೂಗಿನಲ್ಲಿ ನತ್ತು, ತಲೆ ತುಂಬ ಹೂವು.

ಅಡಿವೆಪ್ಪ ಅದನ್ನು ಕೂಡಲೇ ತನ್ನ ಫೋನಿನಲ್ಲಿದ್ದ ಗುಂಪಿಗೆಲ್ಲ ಕಳಿಸಿದ. "ನೋಡಬೇ, ಪಾಪ, ಯಾರದೋ ಅವ್ವ ಕಳದಾಳಂತ. ಇಕಿನ್ನ ಎಲ್ಲೆರ ಕಂಡೀಯೇನು?"

ತುಂಗವ್ವನ ಚಾಳೀಸಿನ ಕನ್ನಡಕ ಮಗನ ಚೀಲದಲ್ಲಿ ಉಳಿದಿತ್ತು. ಕಣ್ಣು ಕಿರಿದು ಮಾಡಿ ನೋಡಿದಳು. "ಎಲ್ಲೋ ನೋಡಿದಂಗ ಐತಿ. ಹೆಸರೇನಂತ?"

"ತುಂಗವ್ವ."

"ಅಯ್ಯ ಶಿವನ, ನನ್ನ ಹೆಸರಿನಾಕಿ! ಪಾಪ, ಎಲ್ಲಿ ಉಪಾಸ ಕುಂತಾಳೋ! ಏಳೋ, ಹುಡುಕೂಣು!"

ಪಾರವ್ವ ಬಿಸಿ ರೊಟ್ಟಿ ತಂದಾಗ ಪಡಸಾಲೆಯಲ್ಲಿ ತಾಟು ಮಾತ್ರ ಇತ್ತು. ಓಣಿಯಲ್ಲಿ ಇಬ್ಬರೂ ಕೈ ಕೈ ಹಿಡಿದುಕೊಂಡು ಹೊರಟಿದ್ದರು. ಅಡಿವೆಪ್ಪ ಮನೆ ಮನೆಯ ಮುಂದೆ ನಿಂತು ಕೂಗುತ್ತಿದ್ದ: "ತುಂಗವ್ವಾ! ಓ ತುಂಗವ್ವಾ!"

"ಓ!" ಅಂದಳು ತುಂಗವ್ವ.

"ಸುಮ್ನಿರಬೇ!" ಅಂದ ಅಡಿವೆಪ್ಪ. "ನೀ ಓ ಅಂದ್ರ ಆಕಿ ಓ ಅಂದದ್ದು ಹೆಂಗ ಕೇಳಸಬೇಕು?"