ಗೆದ್ದವನ ಹೊಲ

ಸ್ಕಾಟ್ಲೆಂಡಿನ ಬಡಗಣ ಗುಡ್ಡಗಳ ನಡುವೆ, ಹೊಳೆಯ ಮಗ್ಗುಲಿಗೆ, ಈಗ ಕುರಿಗಳಷ್ಟೇ ಮೇಯುವ ಒಂದು ಇಳಿಜಾರಿದೆ. ಕಲ್ಲು, ಮುಳ್ಳುಪೊದೆ, ಒರಟು ಹುಲ್ಲು. ಗೆಲ್ಲುವಂಥದ್ದು ಅಲ್ಲಿ ಏನೂ ಕಾಣದು. ಆದರೂ ಅದಕ್ಕೆ ಗೆದ್ದವನ ಹೊಲ ಎಂದೇ ಹೆಸರು. ಯಾರು ಗೆದ್ದದ್ದು ಎಂದು ಕೇಳಿದರೆ ಊರಿನ ಹಿರಿಯರು ಮೊದಲು ಮುಖ ತಿರುಗಿಸುತ್ತಾರೆ, ಆಮೇಲೆ ಹೇಳುತ್ತಾರೆ.

ಉಗಿಬಂಡಿ ಇನ್ನೂ ಆ ಕಡೆ ಸುಳಿಯದಿದ್ದ ಕಾಲದಲ್ಲಿ ಅಲ್ಲಿ ಫರ್ಕರ್ ಎಂಬ ರೈತ ತನ್ನ ಹೆಂಡತಿ ಇಶ್ಬೆಲ್ ಜೊತೆ ಇದ್ದ. ಪಕ್ಕದ ಹೊಲ ಅವನ ಅಣ್ಣ ಯೂವನ್‌ನದು. ಆ ಸೀಮೆಯಲ್ಲೊಂದು ಪದ್ಧತಿಯಿತ್ತಂತೆ. ಓಟ್ಸ್ ಕೊಯ್ಲು ಮೊದಲು ಮುಗಿಸಿದವನು ಕೊನೆಯ ಹಿಡಿ ತೆನೆಯಿಂದ ಹುಲ್ಲಿನ ಮುದುಕಿಯೊಂದನ್ನು ಕಟ್ಟಿ, ಇನ್ನೂ ಕೊಯ್ಯುತ್ತಿರುವ ನೆರೆಯವನ ಹೊಲಕ್ಕೆ ಎಸೆದು ಓಡಬೇಕು. ಎಲ್ಲರಿಗಿಂತ ಹಿಂದೆ ಬಿದ್ದವನ ಮನೆಯಲ್ಲಿ ಮುದುಕಿ ಚಳಿಗಾಲವಿಡೀ ಕೂರುತ್ತಾಳೆ, ಕಣಜ ತಿಂದು ಬರಿದು ಮಾಡುತ್ತಾಳೆ ಎಂಬ ನಂಬಿಕೆ. ಹಿಂದಿನ ವರ್ಷ ಅವಳು ಕೂತದ್ದು ಫರ್ಕರನ ಮನೆಯಲ್ಲಿ. ಸಂತೆಗೆ ಹೋದರೆ ಸಾಕು, "ನಿಮ್ಮಜ್ಜಿ ಚೆನ್ನಾಗಿ ಉಣ್ತಾಳೇನಯ್ಯಾ?" ಎಂದು ಜನ ಕಿಚಾಯಿಸುತ್ತಿದ್ದರು. ಆ ಮಾತು ಅವನೊಳಗೆ ಮುಳ್ಳಿನಂತೆ ಮುರಿದು ಉಳಿದಿತ್ತು.

ಮರುವರ್ಷ ಕೊಯ್ಲಿನ ಕಡೆಯ ದಿನ ತುಂಬುಗರ್ಭಿಣಿ ಇಶ್ಬೆಲ್‌ಗೆ ನೋವು ಕಾಣಿಸಿತು. ಸೂಲಗಿತ್ತಿ ಇದ್ದದ್ದು ಹೊಳೆಯಾಚೆ. ಹೊಸಿಲಲ್ಲಿ ನಿಂತು ಗಂಡನನ್ನು ಕೂಗಿದಳು.

"ಇದೊಂದು ಪಟ್ಟೆ ಮುಗೀಲಿ, ಹೋಗ್ತೀನಿ. ಈಗ ಕುಡುಗೋಲು ಇಟ್ಟರೆ ಈ ವರ್ಷವೂ ಮುದುಕಿ ನಮಗೇ!" ಎಂದ ಫರ್ಕರ್.

"ಆ ಹುಲ್ಲಿನವಳಿಗೆ ಹೊಟ್ಟೆಯಿಲ್ಲ, ನನಗಿದೆ!"

ಅವನು ನಕ್ಕು ಬಗ್ಗಿ ಕೊಯ್ದ. ಅವಳು ಮತ್ತೆ ಕೂಗಿದಳು, ಅವನು ತಲೆ ಎತ್ತಲಿಲ್ಲ. ಪಟ್ಟೆ ಮುಗಿಯಿತು. ಮುದುಕಿಯನ್ನು ಕಟ್ಟಿ, "ತಗೋ ಅಣ್ಣಾ, ನಿನ್ನ ಮನೆಗೆ ನೆಂಟರು!" ಎಂದು ಎರಡು ಹೊಲಗಳ ನಡುವಿನ ಗೋಡೆಯಾಚೆ ಎಸೆದ. ಯಾರೂ ಅಟ್ಟಿಸಿಕೊಂಡು ಬರಲಿಲ್ಲ. ಅರ್ಧ ಕೊಯ್ದ ಸಾಲಿನಲ್ಲಿ ಅಣ್ಣನ ಕುಡುಗೋಲು ಮಾತ್ರ ಬಿದ್ದಿತ್ತು. ಇಶ್ಬೆಲ್ ಎರಡನೆಯ ಸಲ ಕೂಗಿದ್ದನ್ನು ಕೇಳಿದ್ದೇ ಯೂವನ್ ಓಡಿದ್ದ. ಹೊಳೆ ತುಂಬಿತ್ತು. ಅವನು ಸುತ್ತು ಹಾಕಿ ಸೂಲಗಿತ್ತಿಯನ್ನು ಕರೆತರುವಷ್ಟರಲ್ಲಿ ತಾಯಿಯೂ ಇಲ್ಲ, ಮಗುವೂ ಇಲ್ಲ.

ಮಣ್ಣು ಮಾಡಿದ ದಿನ ಫರ್ಕರ್, ಗಾಳಿಗೆ ಆ ಎರಡನೆಯ ಕೂಗು ತನಗೆ ಕೇಳಿಸಲೇ ಇಲ್ಲವೆಂದು ಎಲ್ಲರೆದುರು ಆಣೆಯಿಟ್ಟು ಅತ್ತನಂತೆ. ಆಮೇಲೆ ಅಣ್ಣನ ಬಾಗಿಲಿಗೆ ಹೋಗಿ, "ಮುದುಕಿಯನ್ನು ನನಗೇ ಕೊಟ್ಟುಬಿಡು" ಎಂದ. ಯೂವನ್ ಒಳಗೆ ಕರೆಯಲಿಲ್ಲ.

"ಗೆದ್ದವನ ಮನೆಗೆ ಅವಳು ಬರೋದಿಲ್ಲ, ತಮ್ಮಾ."

ಕದ ಮುಚ್ಚಿತು. ಆ ಮಾತು ಊರ ಬಾಯಿಗೆ ಬಿದ್ದು ಹೊಲಕ್ಕೆ ಹೆಸರಾಯಿತು. ಫರ್ಕರ್ ಮತ್ತೆಂದೂ ಅಲ್ಲಿ ಬಿತ್ತಲಿಲ್ಲ ಎನ್ನುತ್ತಾರೆ.

ಮನೆಯ ಸೂರು ಎಂದೋ ಹೋಗಿದೆ, ಹೊಸಿಲ ಕಲ್ಲು ಇದೆ. ಇಳಿಬಿಸಿಲಿಗೆ ಹುಲ್ಲಿನಡಿಯ ಹಳೆಯ ಉಳುಮೆಯ ಏರಿಗಳು ಕಡೆಯ ಪಟ್ಟೆಯವರೆಗೂ ಎದ್ದು ಕಾಣುತ್ತವೆ. ನೋಡಲು ಬಂದವರು ಒಬ್ಬರನ್ನು ಹೊಸಿಲಲ್ಲಿ ನಿಲ್ಲಿಸಿ, ಇನ್ನೊಬ್ಬರು ಆ ಪಟ್ಟೆಯ ತುದಿಗೆ ನಡೆಯುತ್ತಾರೆ. ಗಾಳಿ ಎಷ್ಟೇ ಇರಲಿ, ಹೊಸಿಲಲ್ಲಿ ಆಡಿದ ಮಾತು ಅಲ್ಲಿಗೆ ಕೇಳಿಸುತ್ತದೆ. ಕೂಗಬೇಕಾಗಿಯೂ ಇಲ್ಲ.