ಅರವತ್ತು ಎಲೆಕಾರ್ಡು

ಮಕ್ಕಳೇ, ಕೆರೆಯಂಚಿನ ಹಲಸಿನ ಮರದ ಪೊಟರೆಯಲ್ಲಿ ಸಣ್ಣಕ್ಕ ಎಂಬ ಅಳಿಲಿನ ಕಡಲೆಮಿಠಾಯಿ ಅಂಗಡಿಯಿತ್ತು. ಘಮಘಮ ಅಂದರೆ ಅಂಥಿಂಥ ಘಮವಲ್ಲ! ಒಂದು ಮಿಠಾಯಿಗೆ ಎರಡು ನೇರಳೆಹಣ್ಣು. ಕಡಲೆ, ಬೆಲ್ಲ ತಂದುಕೊಡುವ ಇಲಿಯಪ್ಪನಿಗೆ ಅದರಲ್ಲೊಂದು. ಉಳಿದೊಂದರಲ್ಲಿ ಸಣ್ಣಕ್ಕನ ಮೂರು ಮರಿಗಳ ಹೊಟ್ಟೆ ತುಂಬಬೇಕು.

ಇರುವೆಗಳಿಗೆ ಮಿಠಾಯಿ ಎಂದರೆ ಪ್ರಾಣ. ಅವುಗಳ ಗೂಡು ನೇರಳೆಮರದ ಬುಡದಲ್ಲೇ ಇತ್ತು, ಉಗ್ರಾಣದ ತುಂಬ ಉದುರಿದ ಹಣ್ಣು. ಆದರೆ ಪಾಪ, ಅಷ್ಟು ದಪ್ಪ ಹಣ್ಣನ್ನು ಅಂಗಡಿಯವರೆಗೆ ಹೊತ್ತು ತರುವುದು ಹೇಗೆ? ಅದಕ್ಕೇ ಅಂಗಡಿಯ ಕಡೆ ಸುಳಿಯುತ್ತಿರಲಿಲ್ಲ.

ಒಂದು ದಿನ ಪಚ್ಚಣ್ಣ ಎಂಬ ಗಿಳಿ ಹಾರಿಬಂತು.

"ಸಣ್ಣಕ್ಕ, ಇರುವೆಗಳಿಗೆ ಎಲೆಕಾರ್ಡು ಹಂಚಿದ್ದೀನಿ. ಅವರು ಎಲೆ ತೋರಿಸಲಿ, ನೀನು ಮಿಠಾಯಿ ಕೊಡು. ಸಂಜೆ ಅವರ ಗೂಡಿನಿಂದ ಹಣ್ಣು ನಾನೇ ತಂದುಕೊಡ್ತೀನಿ. ಆದರೆ ನನ್ನ ಕಮಿಷನ್ನು..."

"ಅದೇನಿದ್ದರೂ ತಗೋ ಮಾರಾಯ! ಮೊದಲು ಇರುವೆಗಳನ್ನು ಕಳಿಸು!"

ಗಿರಾಕಿ ಎಂದರೆ ಸಾಕು, ಸಣ್ಣಕ್ಕನಿಗೆ ಮುಂದಿನ ಮಾತು ಕಿವಿಗೇ ಬೀಳದು.

ಮರುದಿನ ಅರವತ್ತು ಇರುವೆಗಳು ಸಾಲಾಗಿ ಬಂದವು. ಒಬ್ಬೊಬ್ಬರೂ ಎಲೆ ತೋರಿಸಿ ಒಂದೊಂದು ಮಿಠಾಯಿ ತಿಂದರು. ಸಣ್ಣಕ್ಕನ ಬಾಲ ಕುಣಿದದ್ದೇ ಕುಣಿದದ್ದು!

ಸಂಜೆ ಪಚ್ಚಣ್ಣ ತಂದದ್ದು ಅರವತ್ತೇ ಹಣ್ಣು. ಅಷ್ಟನ್ನೂ ಇಲಿಯಪ್ಪ ಒಯ್ದ. ಬುಟ್ಟಿ ಖಾಲಿ.

"ಅವ್ವಾ, ಹಸಿವು!" ಎಂದವು ಮರಿಗಳು. ಸಣ್ಣಕ್ಕನಿಗೆ ಅಳುವೇ ಬಂತು.

"ನೂರಿಪ್ಪತ್ತು ಬರಬೇಕಲ್ಲೋ ಪಚ್ಚಣ್ಣ?"

"ಒಂದು ಸಲ ಎಲೆ ತೋರಿಸಿದರೆ ನನಗೊಂದು ಹಣ್ಣು. ಅವತ್ತೇ ಹೇಳೋಕೆ ಬಂದೆ, ನೀನೆಲ್ಲಿ ಕೇಳಿದೆ?"

ಸಣ್ಣಕ್ಕ ನಾಚಿದಳು. ಆದರೆ ಈ ಸಲ ಬಿಡದೆ ಕೇಳಿದಳು. "ಒಂದು ಎಲೆಗೆ ಹತ್ತು ಮಿಠಾಯಿ ಕೊಟ್ಟರೆ?"

"ಆಗಲೂ ಒಂದೇ ಹಣ್ಣು."

"ಹೌದಾ!"

ಮರುದಿನ ಬೆಳಿಗ್ಗೆ ಸಣ್ಣಕ್ಕ ಇರುವೆಗಳ ಮುಂದಾಳು ಕೆಂಚಮ್ಮನನ್ನು ಕರೆದು, "ತಾಯೀ, ಎಲ್ಲರ ಪರವಾಗಿ ನೀನೊಬ್ಬಳೇ ಎಲೆ ತೋರಿಸ್ತೀಯಾ?" ಎಂದಳು.

"ಅದಕ್ಕೇನಂತೆ? ನಮ್ಮ ಗೂಡೂ ಒಂದೇ, ಉಗ್ರಾಣವೂ ಒಂದೇ" ಎಂದಳು ಕೆಂಚಮ್ಮ.

ಅವತ್ತು ಒಂದೇ ಎಲೆಗೆ ಅರವತ್ತು ಮಿಠಾಯಿ ಹೋದವು. ಪಚ್ಚಣ್ಣನ ಒಂದು ಹಣ್ಣು ಕಳೆದು ಸಂಜೆ ನೂರಹತ್ತೊಂಬತ್ತು ಹಣ್ಣು ಬಂತು! ಇಲಿಯಪ್ಪನಿಗೆ ಅರವತ್ತು ಕೊಟ್ಟ ಮೇಲೂ ಐವತ್ತೊಂಬತ್ತು ಉಳಿಯಿತು. ಮರಿಗಳ ಮೂತಿಯೆಲ್ಲ ನೇರಳೆ ಬಣ್ಣವಾಯಿತು.

ಹೊತ್ತು ಹೊತ್ತು ಸುಸ್ತಾಗಿದ್ದ ಪಚ್ಚಣ್ಣ ತನ್ನದೇ ಎಲೆ ತೋರಿಸಿ, "ಅಕ್ಕಾ, ನನಗೂ ಒಂದು ಮಿಠಾಯಿ" ಎಂದ.

"ಬರೀ ಒಂದು ಮಿಠಾಯಿಗೆ ಎಲೆ ನಡೆಯೋದಿಲ್ಲಪ್ಪ, ಹಣ್ಣೇ ಇಡು!"

"ಅಯ್ಯೋ, ಇವತ್ತು ನಂಗೆ ಸಿಕ್ಕಿದ್ದೇ ಒಂದು ಹಣ್ಣು!"

"ಹಾಗಾದರೆ ಅರ್ಧ ತಗೋ" ಎಂದು ಸಣ್ಣಕ್ಕ ಮಿಠಾಯಿಯನ್ನು ಪಟಕ್ಕನೆ ಮುರಿದಳು. ಪಚ್ಚಣ್ಣನಿಗೂ ನಗು ತಡೆಯಲಾಗಲಿಲ್ಲ.

ನೀತಿ: ಅನುಕೂಲ ಮಾಡಿಕೊಡುವವರ ಕೂಲಿ ಎಷ್ಟೆಂದು ಮೊದಲೇ ಪೂರ್ತಿ ಕೇಳಿ ತಿಳಿದುಕೊಂಡವರಿಗೆ ಆ ಅನುಕೂಲದಿಂದ ನಷ್ಟವಾಗದು.