ಓಗೊಡದ ಅಂಬಿಗ

"ಗುರುಗಳೇ, ಕೈಯಲ್ಲಿ ಏನೂ ಇಲ್ಲದ ಅಪ್ಪನಿಂದ ಮಗನಿಗೆ ಬರುವುದಾದರೂ ಏನು?"

ಕೇಳಿದವನು ಕೊಟ್ರೇಶ. ಮಠದ ಶಾಲೆಯಲ್ಲಿ ಸಂಜೆ ಹೊತ್ತು ಕಂಪ್ಯೂಟರ್ ಪಾಠ ಹೇಳುತ್ತಿದ್ದ ಒಬ್ಬ ಮುದಿ ಗುರುವಿನ ಶಿಷ್ಯ. ಅಂದಿನ ಪಾಠ ಇಂಟರ್ಫೇಸ್. ಇಂಟರ್ಫೇಸ್ ಎಂದರೆ ಬರಿಯ ಮಾತು, ಇಂಥಿಂಥ ಕೆಲಸ ಮಾಡುತ್ತೇನೆಂದು ಕೊಡುವ ಮಾತು. ಹೇಗೆ ಮಾಡುವುದೆಂದು ಅದರಲ್ಲಿ ಒಂದಕ್ಷರವೂ ಇರುವುದಿಲ್ಲ. ಆ ಮಾತನ್ನು ಒಪ್ಪಿಕೊಂಡ ಕ್ಲಾಸು, ಅಂದರೆ ಕೆಲಸ ಮಾಡುವ ಕೋಡಿನ ತುಂಡು, ಅದನ್ನು ತನಗೆ ತಿಳಿದಂತೆ ಮಾಡಿ ತೋರಿಸಬೇಕು. ಇಷ್ಟು ಅವನಿಗೆ ತಿಳಿದಿತ್ತು. ಒಂದು ಇಂಟರ್ಫೇಸ್ ಇನ್ನೊಂದು ಇಂಟರ್ಫೇಸಿನಿಂದ ಹುಟ್ಟುತ್ತದೆ, ಮೇಲಿನದರಲ್ಲಿ ಇರುವುದೆಲ್ಲ ಕೆಳಗಿನದಕ್ಕೆ ಬರುತ್ತದೆ ಎಂದದ್ದು ಮಾತ್ರ ತಿಳಿದಿರಲಿಲ್ಲ. ಮೇಲಿನದೇ ಖಾಲಿ ಇರುವಾಗ ಬರುವುದು ಏನು ಎಂಬುದು ಅವನ ತಕರಾರು.

ಆಮೇಲೆ ತಾನು ಮಾಡಿದ್ದನ್ನೂ ಹೇಳಿದ. ಅವನು ಬರೆದ ಕ್ಲಾಸು ಕೆಳಗಿನ ಇಂಟರ್ಫೇಸನ್ನು ಒಪ್ಪಿಕೊಂಡಿತ್ತು. ಮೇಲಿನ ಇಂಟರ್ಫೇಸು ಮಾತು ಕೊಟ್ಟಿದ್ದ ಕೆಲಸ, ಅದರ ಮೆಥಡ್, ಎಲ್ಲಿ ಎಂದು ಬರೆದದ್ದನ್ನು ಪರೀಕ್ಷಿಸುವ ಕಂಪೈಲರ್ ಅಡ್ಡಗಾಲು ಹಾಕಿತು. ಅವನು ಆ ಮೆಥಡ್ಡಿನ ಹೆಸರು ಬರೆದು, ಮುಂದೆ ಒಂದು ಜೋಡಿ ಬ್ರಾಕೆಟ್ ಹಾಕಿ, ನಡುವೆ ಏನೂ ಬರೆಯದೆ ಬಿಟ್ಟ. ಕಂಪೈಲರ್ ಸುಮ್ಮನಾಯಿತು. ತನಗೆ ಬೇಕಿದ್ದ ಕೆಲಸವೆಲ್ಲ ಕೆಳಗಿನದರಲ್ಲಿದೆ, ಮೇಲಿನದನ್ನು ಖಾಲಿ ಬಿಟ್ಟರೆ ಯಾರಿಗೇನು ನಷ್ಟ ಎಂದು ಕೇಳಿದ.

ಗುರುಗಳು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ವರ್ಷ ವರ್ಷವೂ ಯಾರಾದರೊಬ್ಬರು ಹೀಗೆ ಖಾಲಿ ಬಿಟ್ಟು, ಜಾಣತನ ಮಾಡಿದೆನೆಂಬ ಮುಖ ಹೊತ್ತು ಬಂದು ನಿಲ್ಲುತ್ತಿದ್ದರು. ಮೊದಮೊದಲು ಅವರಿಗೆ ಸಿಟ್ಟು ಬರುತ್ತಿತ್ತು. ಈಗ ಸಿಟ್ಟಿಗೂ ತ್ರಾಣವಿರಲಿಲ್ಲ. ಕೂತುಕೊಳ್ಳಪ್ಪ ಎಂದು ಹೇಳಿ, ಈ ಕತೆ ಶುರುಮಾಡಿದರು.

ಒಂದು ಹೊಳೆ ಇತ್ತು. ಈಚೆ ದಡದಲ್ಲಿ ಊರು. ವೈದ್ಯ, ಸಂತೆ, ಕಮ್ಮಾರ ಎಲ್ಲ ಈಚೆಗೇ. ಆಚೆ ದಡದಲ್ಲಿ ಅಲ್ಲೊಂದು ಇಲ್ಲೊಂದು ಹಟ್ಟಿ. ಸೇತುವೆ ಇರಲಿಲ್ಲ. ಆಚೆಯವರಿಗೆ ಏನು ಬೇಕಾದರೂ ಹೊಳೆ ದಾಟಿಯೇ ಬರಬೇಕು.

ಆ ಊರಿನಲ್ಲಿ ಪದವಿ ಕೊಡುವ ರೀತಿ ಬೇರೆ ಇತ್ತು. ಪದವಿಯ ಜೊತೆ ದೋಣಿ ಕೊಡುತ್ತಿರಲಿಲ್ಲ, ಹುಟ್ಟು ಕೊಡುತ್ತಿರಲಿಲ್ಲ. ಹೇಗೆ ಮಾಡಬೇಕೆಂದು ಹೇಳಿಕೊಡುತ್ತಲೂ ಇರಲಿಲ್ಲ. ಒಂದು ಹೆಸರು ಕೊಟ್ಟು ಒಂದು ಮಾತು ತೆಗೆದುಕೊಳ್ಳುತ್ತಿದ್ದರು, ಅಷ್ಟೆ. ನಿನಗಿದು ಲುಕ್ಸಾನಿನ ವ್ಯಾಪಾರದಂತೆ ಕಾಣಬಹುದು. ಆ ಊರು ನಡೆಯುತ್ತಿದ್ದದ್ದು ಅದರ ಮೇಲೆಯೇ.

ಎಲ್ಲಕ್ಕಿಂತ ಹಳೆಯ ಪದವಿಯ ಹೆಸರು 'ದಡದವನು'. ದಡದವನು ಎನಿಸಿಕೊಂಡವನು ಕೊಡಬೇಕಾದ ಮಾತು ಒಂದೇ. ಆಚೆಯಿಂದ ಯಾರು ಕರೆದರೂ ಓಗೊಡಬೇಕು. ಒಬ್ಬ ಗಂಟಲು ಬಿಚ್ಚಿ ಓ ಎನ್ನುತ್ತಿದ್ದ. ಗಂಟಲು ಬಿದ್ದುಹೋದ ಇನ್ನೊಬ್ಬ ಕೊಂಬು ಊದುತ್ತಿದ್ದ. ಅವನ ನಂತರ ಬಂದವನು ಜಾಗಟೆ ಬಾರಿಸುತ್ತಿದ್ದ. ಹೇಗೆ ಎಂದು ಊರು ಕೇಳಲಿಲ್ಲ. ಆಚೆ ದಡದವರಿಗೂ ಅದು ಬೇಕಿರಲಿಲ್ಲ. ಈಚೆ ಒಬ್ಬ ಮನುಷ್ಯ ಇದ್ದಾನೆ, ನಮ್ಮ ಕೂಗು ಅವನಿಗೆ ಮುಟ್ಟಿದೆ ಎಂದು ಗೊತ್ತಾದರೆ ಅವರಿಗೆ ಜೀವ ಬಂದಂತಾಗುತ್ತಿತ್ತು.

ಇನ್ನೊಂದು ಪದವಿ 'ಹೊರೆಯವನು'. ಬಂದವರ ಗಂಟುಮೂಟೆಯನ್ನು ನೀರಿನ ಅಂಚಿನಿಂದ ದಿಬ್ಬದ ಮೇಲಿನವರೆಗೆ ಹೊರುವುದು ಅವನ ಮಾತು.

ಮುಂದೆ ಊರು ಬೆಳೆಯಿತು. ದಾಟುವವರು ಹೆಚ್ಚಾದರು. ಹಿರಿಯರು ಸೇರಿ 'ಅಂಬಿಗ' ಎಂಬ ಹೊಸ ಪದವಿ ಮಾಡಿದರು. ಹೊಸದಾಗಿ ಮಾತು ಕಟ್ಟುವ ಗೋಜಿಗೆ ಹೋಗಲಿಲ್ಲ. ದಡದವನ ಮಾತು, ಹೊರೆಯವನ ಮಾತು ಎರಡೂ ಅಂಬಿಗನಿಗೆ ಬರುತ್ತವೆ, ಅವುಗಳ ಮೇಲೆ ದಾಟಿಸುವ ಮಾತು ಒಂದು ಹೆಚ್ಚು ಎಂದರು. ಅಂಬಿಗ ಎಂಬ ಪದವಿಗೆ ಹೀಗೆ ಇಬ್ಬರು ಅಪ್ಪಂದಿರು. ನಗಬೇಡ. ಆಸ್ತಿ ಹಂಚುವುದಾಗಿದ್ದರೆ ಇಬ್ಬರು ಅಪ್ಪಂದಿರ ಮನೆಯಲ್ಲಿ ತಲೆ ಒಡೆಯುತ್ತಿದ್ದವು. ಇಲ್ಲಿ ಬಂದದ್ದು ಬರಿಯ ಮಾತು. ಮಾತನ್ನು ಎಷ್ಟು ಜನರಿಂದ ಬೇಕಾದರೂ ಪಡೆಯಬಹುದು, ಪಡೆದಷ್ಟೂ ಹೊರಬೇಕು. ಬೇಸರದ ವಿಷಯ ಎಂದರೆ ಅದೊಂದೇ.

ಆ ಪದವಿ ಪಡೆಯಲು ಒಬ್ಬ ಯುವಕ ಮುಂದೆ ಬಂದ. ಹರಿಗೋಲು ನಡೆಸುವುದರಲ್ಲಿ ಅವನನ್ನು ಮೀರಿಸುವವರು ಆ ಹೊಳೆಯ ಉದ್ದಕ್ಕೂ ಇರಲಿಲ್ಲ. ಸುಳಿ ಎಲ್ಲಿದೆ, ಬಂಡೆ ಎಲ್ಲಿದೆ ಎಂಬುದು ಅವನ ಅಂಗಾಲಿಗೆ ಗೊತ್ತಿತ್ತು. ಮಾತು ಮಾತ್ರ ಕಡಿಮೆ. ಹೊರಗಿನವರು ಕರೆದರೆ ಎದ್ದು ಬಂದು ಎದುರು ನಿಲ್ಲುತ್ತಿದ್ದನೇ ಹೊರತು ಓ ಎನ್ನುತ್ತಿರಲಿಲ್ಲ.

ಪದವಿ ಕೊಡುವ ದಿನ ಹಿರಿಯರು ದಿಬ್ಬದ ಮೇಲೆ ಕೂತರು. ಅವನು ಮೊಣಕಾಲುದ್ದ ನೀರಿನಲ್ಲಿ ನಿಂತ. ಒಪ್ಪಿಕೊಂಡ ಮಾತನ್ನೆಲ್ಲ ಒಮ್ಮೆ ಮಾಡಿ ತೋರಿಸಬೇಕೆಂಬುದು ಕಟ್ಟಳೆ. ಅವನು ಕಲ್ಲು ತುಂಬಿದ ಹರಿಗೋಲನ್ನು ಆಚೆ ದಾಟಿಸಿ ಈಚೆ ತಂದ. ಹೊರೆ ಹೊತ್ತು ದಿಬ್ಬ ಹತ್ತಿದ. ಹಿರಿಯರು ತಲೆದೂಗಿದರು. ಕೊನೆಗೆ ಓಗೊಡುವುದು ಉಳಿಯಿತು. ಆಚೆ ದಡದಿಂದ ಒಬ್ಬ ಕೂಗಿದ. ಇವನು ಬಾಯಿಗೆ ಕೈ ಅಡ್ಡ ಹಿಡಿದು ಬಾಯಿ ತೆರೆದ. ಹೊಳೆಯ ಸದ್ದು ಜೋರಿತ್ತು, ಬಿಸಿಲು ಏರಿತ್ತು, ಹಿರಿಯರಿಗೆ ಸಾಕಾಗಿತ್ತು. ಬಾಯಿ ತೆರೆದದ್ದು ಅವರಿಗೆ ಕಂಡಿತು. ದನಿ ಬಂದಿತೋ ಇಲ್ಲವೋ ಎಂದು ಯಾರೂ ವಿಚಾರಿಸಲಿಲ್ಲ. ನಿನ್ನ ಕಂಪೈಲರ್ ನೋಡುವುದೂ ಅಷ್ಟನ್ನೇ. ಬಾಯಿ ಇದೆಯೇ ಎಂದು ನೋಡುತ್ತದೆ, ಒಳಗೆ ದನಿ ಇದೆಯೇ ಎಂದು ನೋಡುವುದಿಲ್ಲ.

ಹಿರಿಯನೊಬ್ಬ ಏಳುತ್ತಾ ಒಂದು ಮಾತು ಹೇಳಿದ. ದಡದವನ ಮಾತೂ ಇದರ ಜೊತೆಗೇ ಬರುತ್ತದೆ, ನೆನಪಿರಲಿ ಎಂದ. ಬರುತ್ತದೆ ಎಂದರೆ ನಿನ್ನ ಹೆಗಲಿಗೆ ಬರುತ್ತದೆ ಎಂದು ಹಿರಿಯನ ಅರ್ಥ. ತಾನಾಗಿಯೇ ಬರುತ್ತದೆ ಎಂದು ಅಂಬಿಗ ಅರ್ಥ ಮಾಡಿಕೊಂಡ. ಮಳೆ ಬರುತ್ತದೆ, ಬೆಳಗು ಬರುತ್ತದೆ, ಹಾಗೇ ಅದೂ ಬರುತ್ತದೆ, ತಾನು ಮಾಡಬೇಕಾದದ್ದು ಏನೂ ಇಲ್ಲ ಎಂದುಕೊಂಡ. ನಮ್ಮ ಮಾತೇ ಹಾಗೆ. ಬರುತ್ತದೆ ಎಂದರೆ ಸಾಕು, ತರುವವರು ಯಾರು ಎಂದು ಯಾರೂ ಕೇಳುವುದಿಲ್ಲ.

ಅವನ ಊಹೆಗೆ ತಕ್ಕಂತೆ ಕೆಲ ಕಾಲ ಅದು ಬಂದದ್ದೂ ನಿಜ. ಜಾಗಟೆಯ ಮುದುಕ, ಹಿಂದಿನ ದಡದವನು, ಇನ್ನೂ ಅಲ್ಲೇ ಹತ್ತಿರದಲ್ಲಿದ್ದ. ಕೊಟ್ಟ ಮಾತಿನಿಂದ ಊರು ಅವನನ್ನು ಬಿಡಿಸಿಯಾಗಿತ್ತು. ಆದರೂ ಯಾರಾದರೂ ಕೂಗಿದರೆ ಅವನ ಕೈ ಅಭ್ಯಾಸಬಲದಿಂದ ಜಾಗಟೆಗೆ ಹೋಗುತ್ತಿತ್ತು. ಆಮೇಲೆ ಅವನು ಮಗಳ ಊರಿಗೆ ಹೋಗಿಬಿಟ್ಟ. ಅಂದಿನಿಂದ ಈಚೆ ದಡ ಮೂಕವಾಯಿತು.

ಯಾರಿಗೂ ಅದು ದೊಡ್ಡದಾಗಿ ಕಾಣಲಿಲ್ಲ. ಆಚೆಯಿಂದ ಕೂಗಿದವರಿಗೆ ಹರಿಗೋಲು ಹೊರಟದ್ದು ಕಣ್ಣಿಗೆ ಕಾಣುತ್ತಿತ್ತು. ಕಂಡ ಮೇಲೆ ಓ ಎನ್ನುವ ದನಿ ಯಾಕೆ ಬೇಕು? ದಾಟಿದವರಲ್ಲಿ ಒಬ್ಬಿಬ್ಬರು ಅಂಬಿಗನಿಗೆ ಹೇಳಿ ನೋಡಿದರು. ಅವನು ದಿನವಿಡೀ ಹುಟ್ಟು ಹಾಕಿ ದಣಿದಿರುತ್ತಿದ್ದ. ತೋಳು ಸೋತಿರುತ್ತದೆ, ಬಾಯಿಯಾದರೂ ಸುಮ್ಮನಿರಲಿ, ಕರೆದಾಗ ಬಂದರೆ ಸಾಲದೇ ಎಂದ. ಅವನ ದಣಿವು ಸುಳ್ಳಲ್ಲ. ಅದನ್ನು ನಾನು ತೆಗೆದುಹಾಕಲಾರೆ. ಒಂದು ಪದವಿ ಒಪ್ಪಿಕೊಂಡವನಿಗೆ ಅದರ ಹಿಂದಿನ ಪದವಿಗಳ ಭಾರವೂ ಇರುತ್ತದೆ, ಅದನ್ನು ಹೊರುವ ಹೆಗಲು ಮಾತ್ರ ಒಂದೇ.

ಚಳಿಗಾಲ ಬಂತು. ಒಂದು ಮುಂಜಾನೆ ಹೊಳೆಯ ಮೇಲೆ ಮಂಜು ಕವಿಯಿತು. ಈ ದಡಕ್ಕೆ ಆ ದಡ ಕಾಣಲಿಲ್ಲ. ನಡುವೆ ನೀರಿದೆ ಎನ್ನುವುದೂ ಸದ್ದಿನಿಂದಲೇ ತಿಳಿಯಬೇಕು.

ಆಚೆ ದಡಕ್ಕೆ ಒಬ್ಬ ತಾಯಿ ಬಂದಳು. ದೂರದ ಹಟ್ಟಿಯವಳು, ಹಿಂದೆಂದೂ ಹೊಳೆ ದಾಟಿದವಳಲ್ಲ. ಸೊಂಟದಲ್ಲಿ ಮಗು. ಮಗುವಿನ ಮೈ ಕೆಂಡವಾಗಿತ್ತು, ಉಸಿರು ಎಳೆಯುತ್ತಿತ್ತು. ವೈದ್ಯನ ಬಳಿಗೆ ಬೇಗ ಮುಟ್ಟಿಸದಿದ್ದರೆ ಉಳಿಯುವುದಿಲ್ಲ ಎಂದು ಅವಳಿಗೆ ಗೊತ್ತಾಗಿತ್ತು. ಹಟ್ಟಿಯ ಹೆಂಗಸರು ಅವಳಿಗೆ ದಾರಿ ಹೇಳಿ ಕಳಿಸಿದ್ದರು. ದಡದಲ್ಲಿ ನಿಂತು ಅಂಬಿಗಾ ಎಂದು ಕರೆ, ಓ ಎಂದರೆ ಕಾದಿರು, ಅನ್ನದಿದ್ದರೆ ಅಲ್ಲಿ ಯಾರೂ ಇಲ್ಲ ಎಂದು ತಿಳಿ, ಕೆಳಗಡೆ ಹೋದರೆ ನಡೆದು ದಾಟುವ ಜಾಗ ಒಂದಿದೆ ಎಂದಿದ್ದರು.

ಅವಳು ಕರೆದಳು. ಅಂಬಿಗನ ಕಿವಿಗೆ ಅದು ಬಿತ್ತು. ಅವನು ತಡಮಾಡಲಿಲ್ಲ. ಉಣ್ಣುತ್ತಿದ್ದ ರೊಟ್ಟಿಯನ್ನು ಅಲ್ಲಿಗೇ ಬಿಟ್ಟು ಹರಿಗೋಲನ್ನು ನೀರಿಗೆ ತಳ್ಳಿದ. ಅಂಥ ಮಂಜಿನಲ್ಲಿ ಬೇರೆ ಯಾರೂ ಹೊಳೆಗೆ ಇಳಿಯುತ್ತಿರಲಿಲ್ಲ. ಇವನು ಇಳಿದ.

ಅವಳು ಮತ್ತೆ ಕರೆದಳು. ಅವನು ಆಗ ನಡುಹೊಳೆಯಲ್ಲಿದ್ದ, ಅವಳ ಕಡೆಗೇ ಹುಟ್ಟು ಹಾಕುತ್ತಿದ್ದ. ಬಾಯಿ ತೆರೆಯಲಿಲ್ಲ. ಬಂದೇ ಬಿಟ್ಟೆನಲ್ಲ ಎಂದುಕೊಂಡ. ಅವಳು ಮೂರನೆಯ ಸಲ ಕರೆದಳೋ ಇಲ್ಲವೋ ಅವನಿಗೆ ತಿಳಿಯದು.

ಹರಿಗೋಲು ಆಚೆ ದಡಕ್ಕೆ ಮುಟ್ಟಿದಾಗ ಅಲ್ಲಿ ಯಾರೂ ಇರಲಿಲ್ಲ. ಕೆಸರಿನಲ್ಲಿ ಹೆಜ್ಜೆ ಕಂಡವು, ಹೊಳೆ ಹರಿಯುವ ದಿಕ್ಕಿಗೆ ಹೋಗಿದ್ದವು. ಆಗ ಅವನು ಕೂಗಿದ. ಅಮ್ಮಾ, ಯಾರಲ್ಲಿ, ನಾನಿದ್ದೇನೆ ಎಂದು ಗಂಟಲು ಹರಿಯುವಂತೆ ಕೂಗಿದ. ಎಷ್ಟು ದೊಡ್ಡ ದನಿ ಇತ್ತು ಅವನಲ್ಲಿ. ಇಷ್ಟು ವರ್ಷ ಈ ಕತೆ ಹೇಳಿದ್ದೇನೆ, ಇಲ್ಲಿಗೆ ಬಂದಾಗಲೆಲ್ಲ ನನಗೆ ಮುಂದೆ ಹೇಳುವುದು ಬೇಡವೆನಿಸುತ್ತದೆ.

ನಡೆದು ದಾಟುವ ಜಾಗದಲ್ಲಿ ಆ ದಿನ ನೀರು ಹೆಚ್ಚಿತ್ತು. ತಾಯಿಗೆ ಒಂದು ಪೊದೆ ಕೈಗೆ ಸಿಕ್ಕಿತ್ತು. ಹೆಜ್ಜೆ ಹಿಡಿದು ಬಂದ ಅಂಬಿಗ ಅವಳನ್ನು ಎಳೆದು ದಡಕ್ಕೆ ತಂದ. ಮಗು ಅವಳ ಕೈಯಲ್ಲಿ ಇರಲಿಲ್ಲ. ಅವನು ಮತ್ತೆ ನೀರಿಗೆ ಬಿದ್ದು ಹುಡುಕಿದ, ಮಂಜು ಕರಗುವವರೆಗೂ ಹುಡುಕಿದ. ಸಿಗಲಿಲ್ಲ.

ಅವನು ಬರಿಗೈಯಲ್ಲಿ ಬಂದು ಅವಳ ಎದುರು ಕೂತ. ಅವಳು ಅಳಲಿಲ್ಲ. ಅಳುವುದಕ್ಕೂ ಆಗದಷ್ಟು ಸೋತಿದ್ದಳು. ಅವನ ಮುಖ ನೋಡಿ ಕೇಳಿದಳು.

"ನಾ ಕರದಾಗ ನೀ ಇದ್ದೇನಪ್ಪಾ?"

"ಇದ್ದೆ ತಾಯಿ. ನಿನ್ನ ಕಡೀಗೇ ಬರಾಕತ್ತಿದ್ದೆ."

"ಹಂಗಾದ್ರ ಒಂದ್ ಸಲ ಓ ಅನ್ನಬಾರದಿತ್ತಾ? ನಾ ಕಾಯ್ತಿದ್ದೆ."

ಹರಿಗೋಲು ನಡೆಸುವ ವಿದ್ಯೆ ಅಂಬಿಗನಲ್ಲಿ ಪೂರ್ತಿ ಇತ್ತು. ಓ ಎನ್ನುವುದು ದಡದವನಿಂದ ಅವನಿಗೆ ಬಂದಿತ್ತು. ಬಂದದ್ದನ್ನು ಅವನು ಖಾಲಿ ಬಿಟ್ಟಿದ್ದ.

ಗುರುಗಳು ಕತೆ ನಿಲ್ಲಿಸಿದರು. ಅಂಬಿಗನನ್ನು ಪೂರ್ತಿ ತಪ್ಪಿತಸ್ಥನೆಂದು ಒಪ್ಪಲು ಕೊಟ್ರೇಶನಿಗೆ ಮನಸ್ಸು ಬರುತ್ತಿರಲಿಲ್ಲ. ಮೆಲ್ಲಗೆ ಕೇಳಿದ.

"ಆ ತಾಯಿಗೆ ಅವನ ಗುರುತು ಇದ್ದು, ಹೆಸರು ಹಿಡಿದು ಕರೆದಿದ್ದರೆ ಅವನು ಓಗೊಡುತ್ತಿದ್ದನೇನೋ, ಅಲ್ಲವೇ ಗುರುಗಳೇ?"

ಗುರುಗಳು ನೆಲಕ್ಕೆ ಕೈಯೂರಿ ಎದ್ದರು.

"ಗುರುತಿದ್ದವರು ಕರೆದರೆ ಯಾರಾದರೂ ಓ ಎನ್ನುತ್ತಾರಪ್ಪ, ಅವನು ಮಾತು ಕೊಟ್ಟದ್ದು ಗುರುತಿಲ್ಲದ ಆ ತಾಯಿಗೆ."